ಮುಂದಿನ ಗುರುವಾರ ಇದೆಯಲ್ಲ ತಾತ!

2024ರ ಜನವರಿ ಕೊನೆಯಲ್ಲಿ ಮಗಳ ಮನೆಗೆಂದು ಮ್ಯಾಂಚೆಸ್ಟರಿಗೆ ಹೋದೆ. ಹಾಸನದಿಂದ ಹೋದವನಿಗೆ ಅಲ್ಲಿನ ಚಳಿಯೇ ಸಾಕಾಗಿತ್ತು. ಸಾಲದ್ದಕ್ಕೆ ಹತ್ತು ವರ್ಷದ ಮೊಮ್ಮಗ ಬೇರೆ ಮಂಕಾಗಿದ್ದ. ಶಾಲೆಯ ಚೆಸ್ ಫೈನಲ್‌ನಲ್ಲಿ ಗೆಲ್ಲುವ ಆಟವನ್ನು ಒಂದೇ ಒಂದು ತಪ್ಪು ನಡೆಯಿಂದ ಕಳೆದುಕೊಂಡಿದ್ದನಂತೆ. ಚೆಸ್ ಡಬ್ಬಿ ಬೀರುವಿನ ಮೇಲೆ ಸೇರಿತ್ತು. "ಅದರ ಮಾತು ಮಾತ್ರ ಎತ್ತಬೇಡಿ ಅಪ್ಪ" ಎಂದು ಮಗಳು ಮೊದಲೇ ಎಚ್ಚರಿಸಿದ್ದಳು.

ಫೆಬ್ರವರಿ 1, ಗುರುವಾರ ಸಂಜೆ ಅವನು ಟಿವಿ ಮುಂದೆ ಕೂತ. ನಾನೂ ಪಕ್ಕದಲ್ಲಿ ಕೂತೆ. ಕಾರ್ಡಿಫ್‌ನಲ್ಲಿ ಪ್ರೀಮಿಯರ್ ಲೀಗ್ ಡಾರ್ಟ್ಸ್ ಶುರುವಾಗಿತ್ತು. ದುಂಡು ಹಲಗೆಗೆ ಪುಟ್ಟ ಬಾಣ ಎಸೆಯುವುದನ್ನು ನೋಡಲು ಸಾವಿರಾರು ಜನ! ಜಾತ್ರೆಯಲ್ಲಿ ಬಲೂನು ಒಡೆಯುವ ಆಟದಂತಿದೆಯಲ್ಲ ಎಂದು ನಕ್ಕೆ.

"ಅಲ್ಲ ತಾತ, ಇದು ಲೆಕ್ಕದ ಆಟ" ಎಂದ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ನನ್ನ ಕಿವಿ ನೆಟ್ಟಗಾಯಿತು.

501ರಿಂದ ಸೊನ್ನೆಗೆ

ಇಬ್ಬರು ಆಟಗಾರರಿಗೂ ಶುರುವಿನಲ್ಲಿ 501 ಅಂಕ. ಒಂದು ಸರದಿಗೆ ಮೂರು ಬಾಣ. ಗಳಿಸಿದ ಅಂಕವನ್ನು ಕಳೆಯುತ್ತಾ ಮೊದಲು ಸೊನ್ನೆ ಮುಟ್ಟಿದವನು ಆ ಸುತ್ತು ಗೆದ್ದಂತೆ. ಅದಕ್ಕೆ 'ಲೆಗ್' ಎನ್ನುತ್ತಾರೆ. ಆದರೆ ಕೊನೆಯ ಬಾಣ ಹೊರಅಂಚಿನ 'ಡಬಲ್' ಉಂಗುರಕ್ಕೋ ನಟ್ಟನಡುವಿನ ಚುಕ್ಕಿಗೋ ಬೀಳಲೇಬೇಕು. ಉಳಿದದ್ದಕ್ಕಿಂತ ಹೆಚ್ಚು ಬಿತ್ತೋ, ಆ ಸರದಿಯ ಅಂಕವೆಲ್ಲ ರದ್ದು.

ಒಳಗಿನ ಕಿರಿದಾದ ಉಂಗುರ 'ಟ್ರಿಪಲ್'. ಅಲ್ಲಿ ಬಿದ್ದರೆ 20 ಎಂಬುದು 60 ಆಗುತ್ತದೆ. ಆದರೆ 20ರ ಅಕ್ಕಪಕ್ಕ ಇರುವುದು 1 ಮತ್ತು 5. ಕೂದಲೆಳೆಯಷ್ಟು ಜಾರಿದರೂ ದಂಡ. ಎಸೆಯುವುದು 2.37 ಮೀಟರ್ ದೂರದಿಂದ. ಹಲಗೆ ಮರದ್ದಲ್ಲ, ಸಿಸಾಲ್ ನಾರಿನದು. ನಮ್ಮ ಹೊಲದ ಬೇಲಿಯ ಕತ್ತಾಳೆಯ ಜಾತಿಯ ಗಿಡವೇ ಅದು. ಬಾಣ ಕಿತ್ತ ಮೇಲೆ ನಾರು ಮತ್ತೆ ಕೂಡಿಕೊಂಡು ತೂತು ಮುಚ್ಚಿಹೋಗುತ್ತದೆ.

"501 ಮುಗಿಸಲು ಕಡಿಮೆ ಅಂದರೆ ಎಷ್ಟು ಬಾಣ ಬೇಕು?" ಎಂದು ಕೇಳಿದೆ. ಹಳೇ ನೋಟ್‌ಬುಕ್ ತಂದು ಬರೆದು ತೋರಿಸಿದ. ಮೂರು ಬಾಣಕ್ಕೆ 180, ಇನ್ನು ಮೂರಕ್ಕೆ 180, ಉಳಿದದ್ದು 141. ಟ್ರಿಪಲ್ 20, ಟ್ರಿಪಲ್ 19, ಡಬಲ್ 12 ಸೇರಿದರೆ 60+57+24. ಒಟ್ಟು ಒಂಬತ್ತೇ ಬಾಣ!

ಗೆಲ್ಲುವ ಆಟ ಸೋತವನು

ಆಡುವವರು ಎಂಟು ಜನ. ಏಳು ಸಲ ಲೀಗ್ ಗೆದ್ದಿದ್ದ ಮೈಕೇಲ್ ವ್ಯಾನ್ ಗರ್ವೆನ್ ಹಿಂದೆ ಟೈಲ್ಸ್ ಕೂರಿಸುತ್ತಿದ್ದವರು. ರಾಬ್ ಕ್ರಾಸ್ ಎಲೆಕ್ಟ್ರಿಷಿಯನ್ ಆಗಿದ್ದವರು. ವಿಶ್ವ ಚಾಂಪಿಯನ್ ಲ್ಯೂಕ್ ಹಂಫ್ರೀಸ್ ಮನೆಗಳಿಗೆ ಛಾವಣಿ ಹೊದಿಸುತ್ತಿದ್ದವರು. ಇವರ ನಡುವೆ ಒಬ್ಬ ಹುಡುಗ, ಮ್ಯಾಂಚೆಸ್ಟರಿಗೆ ಹತ್ತಿರದ ವಾರಿಂಗ್ಟನ್‌ನ ಲ್ಯೂಕ್ ಲಿಟ್ಲರ್. ಒಂದೂವರೆ ವರ್ಷದ ಮಗುವಾಗಿದ್ದಾಗಲೇ ಆಯಸ್ಕಾಂತದ ಹಲಗೆಯಲ್ಲಿ ಆಡತೊಡಗಿದವನು. ಆಗಷ್ಟೇ 17 ತುಂಬಿತ್ತು.

ಜನವರಿ 3ರಂದು ಅವನು ಇದೇ ಹಂಫ್ರೀಸ್ ಎದುರು ವಿಶ್ವ ಚಾಂಪಿಯನ್‌ಷಿಪ್ ಫೈನಲ್ ಆಡಿದ್ದ. 4-2 ಸೆಟ್‌ಗಳಿಂದ ಮುಂದಿದ್ದ. ಡಬಲ್ 2ಕ್ಕೆ ಒಂದು ಬಾಣ ಬಿದ್ದಿದ್ದರೆ 5-2 ಆಗುತ್ತಿತ್ತು. ತಪ್ಪಿತು. ಆಮೇಲೆ ಹಂಫ್ರೀಸ್ ಸಾಲಾಗಿ ಐದು ಸೆಟ್ ಗೆದ್ದು 7-4ರಲ್ಲಿ ಪ್ರಶಸ್ತಿ ಎತ್ತಿಕೊಂಡರು.

ಇದನ್ನು ಹೇಳುವಾಗ ಮೊಮ್ಮಗನ ದನಿ ಸಣ್ಣಗಾಯಿತು. ನಾನು ಬೀರುವಿನತ್ತ ನೋಡಲಿಲ್ಲ.

ಹದಿನೇಳು ಗುರುವಾರ

ಈ ಲೀಗಿನಲ್ಲಿ ಪ್ರತಿ ಗುರುವಾರ ಒಂದೊಂದು ಊರು. ಬರ್ಲಿನ್, ಡಬ್ಲಿನ್, ರೋಟರ್‌ಡ್ಯಾಮ್ ಹೀಗೆ. ಎಂಟು ಜನರೂ ಆಡಿ ಆ ರಾತ್ರಿಯೇ ಒಬ್ಬ ಗೆಲ್ಲುತ್ತಾನೆ. ಗೆದ್ದವನಿಗೆ 5 ಅಂಕ, ಫೈನಲ್ ಸೋತವನಿಗೆ 3, ಸೆಮಿಫೈನಲ್ ಸೋತವರಿಗೆ 2. ಮೊದಲ ಪಂದ್ಯದಲ್ಲೇ ಸೋತವರಿಗೆ ಸೊನ್ನೆ. ಆದರೆ ಯಾರನ್ನೂ ಮನೆಗೆ ಕಳಿಸುವುದಿಲ್ಲ. 16 ವಾರದ ಅಂಕ ಕೂಡಿಸಿ ಮೊದಲ ನಾಲ್ವರಿಗೆ ಕೊನೆಯ ರಾತ್ರಿ.

ಎಂಟು ಗುರುವಾರ ಕಳೆದರೂ ಲಿಟ್ಲರ್ ಒಂದು ರಾತ್ರಿಯನ್ನೂ ಗೆಲ್ಲಲಿಲ್ಲ. "ಹುಡುಗನಿಗೆ ಬೇಜಾರಾಗುವುದಿಲ್ಲವೇನೋ?" ಎಂದೆ.

"ಆಗುತ್ತೆ. ಆದರೆ ಮುಂದಿನ ಗುರುವಾರ ಇದೆಯಲ್ಲ ತಾತ!"

ಆ ಮಾತು ನನಗೇ ನಾಟಿತು. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿಗೆ ಗಣಿತದಲ್ಲಿ 34 ಬಂದಿತ್ತು. ಪಾಸಿಗೆ ಬೇಕಾದದ್ದು 35. ಜೂನ್‌ನಲ್ಲಿ ಶಾಲೆ ತೆರೆದಾಗ ಅವನ ಜಾಗ ಖಾಲಿ ಇತ್ತು. ಮನೆಗೆ ಹೋಗಿ ಕರೆದು ತರಬಹುದಿತ್ತು. ನಾನು ಹೋಗಲಿಲ್ಲ. ಅವನಿಗೆ ಮುಂದಿನ ಗುರುವಾರವೇ ಇರಲಿಲ್ಲ.

ಒಂಬತ್ತನೇ ವಾರ, ಬೆಲ್‌ಫಾಸ್ಟ್‌ನಲ್ಲಿ ಲಿಟ್ಲರ್ ಮೊದಲ ರಾತ್ರಿ ಗೆದ್ದ. ಲೀಗ್ ಮುಗಿದಾಗ ಅಂಕಪಟ್ಟಿಯ ತುದಿಯಲ್ಲಿದ್ದ. ನಮ್ಮ ನೋಟ್‌ಬುಕ್ಕೂ ಕಳೆಯುವ ಲೆಕ್ಕದಿಂದ ತುಂಬಿತ್ತು. ಮೊಮ್ಮಗ ಬೆರಳು ಮಡಿಚುವುದನ್ನು ಬಿಟ್ಟು ಬಾಯಲ್ಲೇ ಉತ್ತರ ಹೇಳತೊಡಗಿದ್ದ.

ಮೇ 23, ಲಂಡನ್ನಿನ ಓ2 ಅರೀನಾ. ಸೆಮಿಫೈನಲ್‌ನಲ್ಲಿ ಮೈಕೇಲ್ ಸ್ಮಿತ್ ಅವರನ್ನು ಸೋಲಿಸಿದ ಲಿಟ್ಲರ್‌ಗೆ ಫೈನಲ್‌ನಲ್ಲಿ ಎದುರಾದವರು ಮತ್ತೆ ಹಂಫ್ರೀಸ್! ಮಲಗುವ ಹೊತ್ತು ಮೀರಿದರೂ ಮಗಳು ಅಂದು ಗದರಲಿಲ್ಲ. ಆಟದ ನಡುವೆ ಒಂದು ಲೆಗ್‌ನಲ್ಲಿ ಮೊದಲ ಆರು ಬಾಣವೂ ಟ್ರಿಪಲ್‌ಗೆ ಬಿದ್ದವು. "ಉಳಿದದ್ದು 141!" ಎಂದು ಮೊಮ್ಮಗ ನನ್ನ ಕೈ ಹಿಡಿದ. ಏಳು, ಎಂಟು, ಒಂಬತ್ತು... ಮುಗಿದೇ ಹೋಯಿತು! ನೋಟ್‌ಬುಕ್ಕಿನ ಲೆಕ್ಕ ಕಣ್ಣೆದುರು ನಡೆದಿತ್ತು. ಕೊನೆಗೆ 11-7ರಿಂದ ಗೆದ್ದ ಹುಡುಗನಿಗೆ 2,75,000 ಪೌಂಡ್ ಬಹುಮಾನ.

ಮಾರನೇ ದಿನ ಶಾಲೆಯಿಂದ ಬಂದವನೇ ಕುರ್ಚಿ ಎಳೆದುಕೊಂಡು ಬೀರುವಿನ ಮೇಲಿಂದ ಡಬ್ಬಿ ಇಳಿಸಿದ. ಧೂಳು ಒರೆಸಿ, "ಆಡ್ತೀಯಾ ತಾತ?" ಎಂದ.

ನಾನು ಬೇಕೆಂದು ಸೋಲಲಿಲ್ಲ. ಮೊದಲ ಆಟ ಅವನೇ ಸೋತ. ಸ್ವಲ್ಪ ಹೊತ್ತು ಮಣೆಯನ್ನೇ ನೋಡುತ್ತಾ ಕೂತ. ಆಮೇಲೆ ಕಾಯಿಗಳನ್ನು ಮತ್ತೆ ಜೋಡಿಸತೊಡಗಿದ.