ವಸಡಿನ ರಕ್ತಕ್ಕೆ 'ಉಷ್ಣ'ವನ್ನು ದೂರಬೇಡಿ

ಬೆಳಿಗ್ಗೆ ಹಲ್ಲುಜ್ಜಿ ಉಗುಳಿದಾಗ ನೊರೆಯ ಜೊತೆ ಕೆಂಪು ಕಾಣಿಸುತ್ತಿದೆಯೇ? 'ಉಷ್ಣ ಆಗಿದೆ ಕಣೇ, ಎಳನೀರು ಕುಡಿ, ಸರಿಹೋಗುತ್ತೆ' ಅಂತ ಮನೆಯಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ. ತೆಂಗಿನ ಸೀಮೆ ಅರಸೀಕೆರೆಯಲ್ಲಂತೂ ಈ ಸಲಹೆ ಸಲೀಸು! ಆದರೆ ವಸಡಿನ ರಕ್ತ ಎಳನೀರಿಗೆ ನಿಲ್ಲುವಂಥದ್ದಲ್ಲ. ಅದು ವಸಡು ರೋಗದ ಮೊದಲ ಸೂಚನೆ. ನಿಮ್ಮ ತೂಕವೂ ಹೆಚ್ಚಿದ್ದರೆ ಇನ್ನಷ್ಟು ಎಚ್ಚರ ಬೇಕು.

ತೂಕಕ್ಕೂ ವಸಡಿಗೂ ಏನು ನಂಟು?

ಹೊಟ್ಟೆಯ ಸುತ್ತ ಸೇರಿದ ಬೊಜ್ಜು ಸುಮ್ಮನೆ ಕೂತಿರುವುದಿಲ್ಲ. ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಹಲ್ಲಿನ ಬುಡದಲ್ಲಿ ಕಟ್ಟುವ ಪಾಚಿಯ ಬ್ಯಾಕ್ಟೀರಿಯಾಗಳ ಜೊತೆ ವಸಡು ಹೋರಾಡುವಾಗ ಇವು ಬೆಂಕಿಗೆ ತುಪ್ಪ ಸುರಿಯುತ್ತವೆ. ವಸಡು ಊದುತ್ತದೆ, ಹಲ್ಲಿನಿಂದ ಬಿಟ್ಟುಕೊಳ್ಳುತ್ತದೆ, ಕೊನೆಗೆ ಹಲ್ಲು ಹಿಡಿದಿರುವ ಮೂಳೆಯೇ ಸವೆಯುತ್ತದೆ. ಹೆಚ್ಚಾಗಿ ನೋವೇ ಇರದ ಕಾರಣ ಹಲ್ಲು ಅಲ್ಲಾಡುವವರೆಗೂ ಗೊತ್ತಾಗುವುದಿಲ್ಲ. ಸವೆದ ಮೂಳೆ ತಾನಾಗಿ ಬೆಳೆಯುವುದೂ ಇಲ್ಲ.

ಜಪಾನಿನ ಸಂಶೋಧಕರು 1998ರಲ್ಲೇ ಈ ನಂಟನ್ನು ಗುರುತಿಸಿದ್ದರು. ಹಾಗಂತ ದಪ್ಪಗಿರುವವರಿಗೆಲ್ಲ ವಸಡು ಹಾಳಾಗುತ್ತದೆ, ತೆಳ್ಳಗಿರುವವರು ನಿಶ್ಚಿಂತೆಯಿಂದಿರಬಹುದು ಎಂದಲ್ಲ. ಮೂಲ ಕಾರಣ ಪಾಚಿಯೇ. ತೂಕ ಅಪಾಯವನ್ನು ಹೆಚ್ಚಿಸುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ತೂಕ ಹೆಚ್ಚಿರುವ ಮಹಿಳೆಯರು 2015–16ರಲ್ಲಿ ಶೇ 23ರಷ್ಟಿದ್ದರು. 2019–21ರಲ್ಲಿ ಅದು ಶೇ 30. ಅಂದರೆ ಹತ್ತರಲ್ಲಿ ಮೂವರು!

ಮಧ್ಯೆ ಸಕ್ಕರೆ ಕಾಯಿಲೆ

ಬೊಜ್ಜಿದ್ದರೆ ಮಧುಮೇಹ ಬರುವ ಸಾಧ್ಯತೆ ಹೆಚ್ಚು. ಮಧುಮೇಹ ವಸಡನ್ನು ಕೆಡಿಸುತ್ತದೆ. ಕೆಟ್ಟ ವಸಡು ಸಕ್ಕರೆಯನ್ನು ಹತೋಟಿಗೆ ಬರಲು ಬಿಡುವುದಿಲ್ಲ. ವಸಡಿಗೆ ಚಿಕಿತ್ಸೆಯಾದರೆ ಸಕ್ಕರೆಯೂ ಸ್ವಲ್ಪ ಇಳಿಯುತ್ತದೆ. ಇನ್ನೊಂದು ಸಂಗತಿ ಗಮನಿಸಿ. ಹಲ್ಲು ಸಡಿಲವಾದಾಗ ನಾವು ಮೊದಲು ಬಿಡುವುದು ಕ್ಯಾರೆಟ್, ಸೌತೆಕಾಯಿ, ಹುರಿಗಡಲೆ. ಹಿಡಿಯುವುದು ಬನ್ನು, ಕಾಫಿಯಲ್ಲಿ ಅದ್ದಿದ ಬಿಸ್ಕತ್ತು. ತೂಕ ಮತ್ತೆ ಏರುತ್ತದೆ.

ಕನ್ನಡಿ ಮುಂದೆ ಒಂದು ನಿಮಿಷ

ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣ ಸುಂದರಿಯನ್ನು ನೋಡಿದ್ದೀರಲ್ಲ? ನೀವೂ ಕನ್ನಡಿ ಹಿಡಿಯಿರಿ, ಆದರೆ ತುಟಿ ಸರಿಸಿ ವಸಡು ನೋಡಿ. ಆರೋಗ್ಯವಂತ ವಸಡು ಬಿಗಿಯಾಗಿರುತ್ತದೆ, ಹಲ್ಲುಜ್ಜಿದರೆ ರಕ್ತ ಬರುವುದಿಲ್ಲ. ಕೆಂಪಗೆ ಊದಿದ ವಸಡು, ಬಿಡದ ಬಾಯಿ ವಾಸನೆ, ಮೊದಲಿಗಿಂತ ಉದ್ದ ಕಾಣುವ ಹಲ್ಲು, ಹಲ್ಲುಗಳ ನಡುವೆ ಹೊಸ ಸಂದು ಇದ್ದರೆ ತಡಮಾಡಬೇಡಿ. ಹೊಗೆಸೊಪ್ಪು ಹಾಕುವವರಿಗೆ ರಕ್ತ ಕಾಣಿಸದೆಯೂ ಒಳಗೊಳಗೇ ರೋಗ ಬೆಳೆದಿರಬಹುದು.

ಹೀಗೆ ಮಾಡಿ

* ಬೆಳಿಗ್ಗೆ, ರಾತ್ರಿ ತಲಾ ಎರಡು ನಿಮಿಷ ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ರಕ್ತ ಬರುತ್ತದೆಂದು ಉಜ್ಜುವುದನ್ನು ಬಿಟ್ಟರೆ ಪಾಚಿ ಇನ್ನೂ ಹೆಚ್ಚುತ್ತದೆ. ಇದ್ದಿಲು, ಇಟ್ಟಿಗೆ ಪುಡಿ ಬೇಡವೇ ಬೇಡ.

* ಸೊಂಟದ ಸುತ್ತಳತೆ ನೋಡಿಕೊಳ್ಳಿ. 80 ಸೆಂ.ಮೀ. ದಾಟಿದ್ದರೆ ರಕ್ತದ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ.

* ಕಾಫಿ ಬೆಳೆಯುವ ಬೇಲೂರು ಸೀಮೆಯಲ್ಲಿ ಕಾಫಿ ಬಿಡಿ ಅಂದರೆ ಯಾರು ಕೇಳುತ್ತಾರೆ? ಸಕ್ಕರೆಯನ್ನಾದರೂ ಕಡಿಮೆ ಮಾಡಿ.

* ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಹಳೇಬೀಡಿನವರಿಗೆ ದ್ವಾರಸಮುದ್ರ ಕೆರೆಯ ಗಾಳಿ ಇದ್ದೇ ಇದೆ. ಗೆಳತಿಯೊಬ್ಬಳನ್ನೂ ಕರೆದುಕೊಳ್ಳಿ, ಬೇಸರವಾಗದು.

* 'ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲ ಆಗುತ್ತೆ' ಎಂಬುದು ತಪ್ಪು. ಸಡಿಲ ಮಾಡುವುದು ರೋಗ. ಗಾರೆ ತೆಗೆದ ಮೇಲೆ ಸಂದು ಕಾಣಿಸುತ್ತದೆ, ಅಷ್ಟೇ.

ಮೊದಲು ನಿಮ್ಮೂರಿನ ದಂತವೈದ್ಯರನ್ನೇ ಕಾಣಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಹಾಸನದಲ್ಲಿ ಶ್ರೀ ಹಾಸನಾಂಬ ದಂತ ವೈದ್ಯಕೀಯ ಕಾಲೇಜಿದೆ. ಮೂರೂ ಊರಿನಿಂದ ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಮನೆ ಸೇರಬಹುದು. ಮಕ್ಕಳ ಪರೀಕ್ಷೆ ಮುಗೀಲಿ, ಹಬ್ಬ ಕಳೀಲಿ ಎಂದು ಮುಂದೂಡಬೇಡಿ. ವಸಡಿನ ರಕ್ತ ಕಾಣಿಸುವ ಹಂತದಲ್ಲೇ ಹೋದರೆ ಹಲ್ಲು ಉಳಿಯುತ್ತದೆ, ಖರ್ಚೂ ಉಳಿಯುತ್ತದೆ.