ಹೊಳೆಯೇ ಹೆಸರಾದವರು

ಅಮೆರಿಕದ ಅರಿಜೋನಾ ರಾಜ್ಯದ ಸುಪಾಯ್ ಎಂಬ ಹಳ್ಳಿಗೆ ಇವತ್ತಿಗೂ ಅಂಚೆ ಬರುವುದು ಹೇಸರಗತ್ತೆಯ ಬೆನ್ನ ಮೇಲೆ. ಗ್ರ್ಯಾಂಡ್ ಕ್ಯಾನ್ಯನ್‌ನ ಕವಲು ಕಣಿವೆಯೊಂದರ ತಳದಲ್ಲಿರುವ ಈ ಊರಿಗೆ ಮೋಟಾರು ರಸ್ತೆ ಇಲ್ಲ. ರಸ್ತೆ ಮುಗಿಯುವ ಗುಡ್ಡದ ನೆತ್ತಿಯಿಂದ ಎಂಟು ಮೈಲಿ, ಅಂದರೆ ಸುಮಾರು 13 ಕಿ.ಮೀ. ಕೆಳಗಿಳಿಯಬೇಕು. ನಡೆಯಬೇಕು, ಕುದುರೆ ಏರಬೇಕು, ಇಲ್ಲವೇ ಹೆಲಿಕಾಪ್ಟರ್ ಹಿಡಿಯಬೇಕು. ಕಾಗದಪತ್ರದ ಜೊತೆಗೆ ದಿನಸಿಯೂ ಅಂಚೆಯಲ್ಲೇ ಬರುತ್ತದೆ. ಹೇಸರಗತ್ತೆಗಳ ಎರಡೂ ಮಗ್ಗುಲಿಗೆ ಪೆಟ್ಟಿಗೆ ಬಿಗಿದು, ಸಾಲಾಗಿ ಇಳಿಸುತ್ತಾರೆ.

ಈ ಊರಿನವರು ಹವಾಸುಪಾಯ್ ಜನ. ತಮ್ಮನ್ನು ತಾವು ಕರೆದುಕೊಳ್ಳುವುದು ‘ಹವ್ಸುವ್ ಬಾಜ’ ಎಂದು. ‘ಹ’ ಎಂದರೆ ನೀರು, ‘ವಸು’ ಎಂದರೆ ನೀಲಿ-ಹಸಿರು, ‘ಬಾಜ’ ಎಂದರೆ ಜನ. ನಾವು ‘ನೀಲಿ ನೀರು’ ಎನ್ನುವಲ್ಲಿ ಅವರದು ‘ನೀರು ನೀಲಿ’: ಮೊದಲು ವಸ್ತು, ಆಮೇಲೆ ಬಣ್ಣ. ನೀಲಿಯೋ ಹಸಿರೋ ಎಂದು ಕೇಳಿದರೆ ಆ ಪದ ಉತ್ತರ ಕೊಡುವುದಿಲ್ಲ. ಊರಿನ ಹೊಳೆಯ ದಂಡೆಯಲ್ಲಿ ನಿಂತವರಿಗೂ ಉತ್ತರ ಸಿಗುವುದಿಲ್ಲ.

ಮೇಲಿನ ಪ್ರಸ್ಥಭೂಮಿಯ ಮಳೆ, ಹಿಮದ ನೀರು ಸುಣ್ಣಕಲ್ಲಿನೊಳಗೆ ಇಂಗಿ, ಊರಿನ ಬಳಿ ಬುಗ್ಗೆಗಳಾಗಿ ಹೊರಬರುತ್ತದೆ. ಜೊತೆಗೆ ಕರಗಿದ ಸುಣ್ಣವನ್ನೂ ಹೊತ್ತು ತರುತ್ತದೆ. ನೀರಿಗೆ ಆ ಬಣ್ಣ ಬರುವುದು ಇದರಿಂದಲೇ. ಅದೇ ಸುಣ್ಣ ಕೊಂಬೆ, ಬೇರು, ಬಂಡೆಗಳ ಮೇಲೆ ಪದರಪದರವಾಗಿ ಕಟ್ಟಿಕೊಂಡು ಮೆಟ್ಟಿಲು ಮೆಟ್ಟಿಲಾದ ಮಡುಗಳನ್ನು ಮಾಡುತ್ತದೆ. ಊರಿನಿಂದ ಕೆಳಗೆ ಸುಮಾರು 100 ಅಡಿಯ ಹವಾಸು ಜಲಪಾತ, ಅದರಾಚೆ ಇನ್ನೂ ಎತ್ತರದ ಮೂನಿ ಜಲಪಾತ. ಇದೇ ಹೊಳೆ ಮುನಿದರೆ ಕೆಂಪಾಗುತ್ತದೆ. 1910ರ ಪ್ರವಾಹ ಹಳ್ಳಿಯನ್ನೇ ಕೊಚ್ಚಿಕೊಂಡು ಹೋಯಿತು. 2008ರಲ್ಲಿ ಪ್ರವಾಹದ ರಭಸಕ್ಕೆ ಹೊಳೆ ದಾರಿ ಬದಲಿಸಿ, ನವಾಹೋ ಎಂಬ ಜಲಪಾತ ಬತ್ತಿಹೋಯಿತು.

ಇವರ ಮಾತನ್ನು ಭಾಷಾತಜ್ಞರು ಯೂಮನ್ ಕುಟುಂಬಕ್ಕೆ ಸೇರಿಸುತ್ತಾರೆ. ನೆರೆಯ ಹುವಾಲಪಾಯ್ ಜನರ ಮಾತೂ ಬಹುತೇಕ ಇದೇ. ಅವರ ಹೆಸರಿನಲ್ಲಿರುವುದು ಪೈನ್ ಮರ. ಒಬ್ಬರು ಆಡಿದ್ದು ಇನ್ನೊಬ್ಬರಿಗೆ ತಿಳಿಯುತ್ತದೆ. ಆದರೂ ಬರೆಯುವ ಕ್ರಮವನ್ನು ಇಬ್ಬರೂ ಬೇರೆಬೇರೆಯಾಗಿಯೇ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿಯಂತೆ ಅಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇನ್ನೊಂದು ನಂಟೂ ಇದೆ. ‘ಅವನು ಬಂದು ಊಟ ಮಾಡಿದ’ ಎಂದರೆ ಬಂದವನೇ ಉಂಡ ಎಂದು ನಮಗೆ ಗೊತ್ತಾಗುತ್ತದೆ. ಉಂಡವರು ಬೇರೆಯಾದರೆ ನಾವು ‘ಬಂದ ಮೇಲೆ’ ಎಂದೋ ಇನ್ನು ಹೇಗೋ ಮಾತು ತಿರುಗಿಸಬೇಕು. ಅವರಿಗೆ ಒಂದೇ ಅಕ್ಷರ ಸಾಕು. ಕ್ರಿಯಾಪದದ ತುದಿಗೆ ‘ಕ್’ ಬಂದರೆ ಮುಂದಿನ ಕೆಲಸವೂ ಅದೇ ಆಳಿನದು, ‘ಮ್’ ಬಂದರೆ ಬೇರೆಯವರದು. ಈ ಜನರ ಹಾಡುಗಳನ್ನು ಅಭ್ಯಾಸ ಮಾಡಿದ ಲಿಯಾನ್ ಹಿಂಟನ್, 1984ರಲ್ಲಿ ಅವುಗಳ ಮೇಲೆ ಒಂದು ಪುಸ್ತಕವನ್ನೇ ತಂದರು.

ಬೇಸಿಗೆಯಲ್ಲಿ ಕಣಿವೆಯೊಳಗೆ ಜೋಳ, ಹುರುಳಿಕಾಯಿ, ಕುಂಬಳ. ಚಳಿಗಾಲದಲ್ಲಿ ಮೇಲಿನ ಬಯಲಿಗೆ ಹತ್ತಿ ಬೇಟೆ. ಹವಾಸುಪಾಯ್ ಬದುಕಿನ ಎರಡು ಕಾಲುಗಳಿವು. 1882ರಲ್ಲಿ ಸರ್ಕಾರ ಇವರ ಪಾಲನ್ನು 518 ಎಕರೆಗೆ ಇಳಿಸಿತು. ಕಣಿವೆ ಉಳಿಯಿತು, ಬಯಲು ಹೋಯಿತು. 1919ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನವಾದ ಮೇಲೆ ತಮ್ಮ ಹಳೆಯ ನೆಲದಿಂದಲೇ ಒಕ್ಕಲೇಳಬೇಕಾದ ಸ್ಥಿತಿ. ಉದ್ಯಾನದೊಳಗಿನ ಬ್ರೈಟ್ ಏಂಜೆಲ್ ಕಾಲುದಾರಿಯ ಹೊಲಗಳಿಂದ ಕೊನೆಯದಾಗಿ ಎದ್ದವರು ಕ್ಯಾಪ್ಟನ್ ಬುರೋ, ಅದು 1928. ನಕಾಶೆಯಲ್ಲಿ ಆ ಜಾಗಕ್ಕೆ ಉಳಿದದ್ದು ‘ಇಂಡಿಯನ್ ಗಾರ್ಡನ್’ ಎಂಬ ಹೆಸರು: ಯಾವ ಜನ ಎಂಬುದೇ ಇಲ್ಲದ ಹೆಸರು.

1975ರ ಜನವರಿಯಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾಯ್ದೆಯಿಂದ ಸುಮಾರು 1,85,000 ಎಕರೆ ಮರಳಿತು. ಆದರೆ ‘ನಾವು ಯಾರು’ ಎಂಬ ಪ್ರಶ್ನೆಯಲ್ಲಿ ಹೊರಗಿನವರು ಕೈಯಾಡಿಸುವುದು ನಿಲ್ಲಲಿಲ್ಲ. ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ಕೊಟ್ಟ ರಕ್ತವನ್ನು ಇವರ ಪೂರ್ವಜರ ವಲಸೆಯನ್ನು ಹುಡುಕಲೂ ಬಳಸಿದ್ದು ತಿಳಿದಾಗ, ಕಣಿವೆಯಲ್ಲೇ ಹುಟ್ಟಿದವರು ನಾವು ಎಂದು ನಂಬಿದವರು ನ್ಯಾಯಾಲಯಕ್ಕೆ ಹೋದರು. 2010ರಲ್ಲಿ, ಆ ಅಧ್ಯಯನ ನಡೆಸಿದ್ದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿ 7 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಉಳಿದಿದ್ದ ರಕ್ತದ ಮಾದರಿಗಳೂ ವಾಪಸಾದವು.

ನೆಲದ ಹಿಂದೆಯೇ ಹೆಸರುಗಳೂ ಮರಳುತ್ತಿವೆ. 2022ರಲ್ಲಿ ‘ಇಂಡಿಯನ್ ಗಾರ್ಡನ್’ ಅಧಿಕೃತವಾಗಿ ‘ಹವಾಸುಪಾಯ್ ಗಾರ್ಡನ್ಸ್’ ಆಯಿತು. 2023ರ ಆಗಸ್ಟ್‌ನಲ್ಲಿ ಘೋಷಣೆಯಾದ ರಾಷ್ಟ್ರೀಯ ಸ್ಮಾರಕ ಪ್ರದೇಶದ ಹೆಸರು ಶುರುವಾಗುವುದೇ ‘ಬಾಜ್ ನ್ವಾವ್ಜೊ’ ಎಂಬ ಹವಾಸುಪಾಯ್ ಮಾತಿನಿಂದ. ಮೂಲ ಜನ ಸಂಚರಿಸುವ ನೆಲ ಎಂದು ಅದರ ಅರ್ಥ. ಹಾಗಿದ್ದೂ ಆ ಪ್ರದೇಶದೊಳಗೇ, ಇವರು ಪವಿತ್ರವೆಂದು ಕಾಣುವ ರೆಡ್ ಬ್ಯೂಟ್ ಗುಡ್ಡದ ಸಮೀಪ, ಹಳೆಯ ಹಕ್ಕಿನ ಬಲದಿಂದ ಯುರೇನಿಯಂ ಗಣಿಯೊಂದು ಕೆಲಸ ನಡೆಸಿದೆ. ಅಪಾಯವಿಲ್ಲ ಎನ್ನುತ್ತದೆ ಕಂಪನಿ. ಅಲ್ಲಿ ಇಂಗಿದ್ದು ಒಂದು ದಿನ ನಮ್ಮ ಬುಗ್ಗೆಯಲ್ಲೇ ಏಳುತ್ತದೆ ಎನ್ನುತ್ತಾರೆ ಊರವರು. ಎಲ್ಲ ಊರಿಗೂ ಕುಡಿಯುವ ನೀರಿನ ಚಿಂತೆ ಇದ್ದದ್ದೇ. ಸುಪಾಯ್‌ನವರಿಗೆ ಅದು ಹೆಸರಿನ ಚಿಂತೆಯೂ ಹೌದು.