ತೋಟದ ನಾಯಿಯ ಎದೆಬಡಿತ

ಕರು ಹಾಕಿದ ಮಾರನೆಯ ದಿನ ಮೇಲೇಳಲಾರದೆ ಮಲಗಿದ ಹಸುವಿಗೆ ಕ್ಯಾಲ್ಸಿಯಂ ಬಾಟಲಿ ಏರಿಸುವುದು ಮೂಡಿಗೆರೆ, ಕಳಸದ ಕಡೆ ದನ ಸಾಕಿದವರಿಗೆ ಹೊಸದಲ್ಲ. ಹಾಲುಜ್ವರಕ್ಕೆ ಅದೇ ಮದ್ದು. ಆದರೆ ಡಾಕ್ಟರು ಅದನ್ನು ನಿಧಾನವಾಗಿ ಬಿಡುತ್ತಾರೆ, ನಡುನಡುವೆ ಹಸುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳುತ್ತಾರೆ. ಕ್ಯಾಲ್ಸಿಯಂ ಒಮ್ಮೆಲೇ ರಕ್ತಕ್ಕೆ ನುಗ್ಗಿದರೆ ಹೃದಯದ ಲಯ ತಪ್ಪುತ್ತದೆ, ಬಡಿತ ನಿಂತೂ ಹೋಗಬಹುದು.

ಹೃದಯದ ಜೀವಕೋಶಗಳೊಳಗೆ ಕ್ಯಾಲ್ಸಿಯಂ ಹರಿದರೇನೇ ಬಡಿತ. ಆ ಹರಿವನ್ನು ತುಸು ತಡೆದರೆ ಹೃದಯದ ಓಟ ತಗ್ಗೀತು. 1960ರ ದಶಕದಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್ ವೆರಾಪಮಿಲ್ ಔಷಧದಲ್ಲಿ ಗುರುತಿಸಿದ್ದು ಇದೇ ಗುಣವನ್ನು. ಆಮೇಲೆ ಜಪಾನಿನಿಂದ ಡಿಲ್ಟಿಯಾಜೆಮ್ ಬಂತು. ಕ್ಯಾಲ್ಸಿಯಂ ಹರಿವು ತಡೆಯುವ ಈ ಗುಂಪಿನ ಮದ್ದುಗಳಲ್ಲಿ ಇಂದು ನಾಯಿಗಳ ಹೃದಯದ ಓಟ ತಗ್ಗಿಸಲು ಹೆಚ್ಚಾಗಿ ಬಳಸುವುದು ಅದನ್ನೇ.

ಬಾಬಾಬುಡನ್‌ಗಿರಿ ಸುತ್ತಲಿನ ಕಾಫಿ ತೋಟಗಳಲ್ಲಿ ಗ್ರೇಟ್ ಡೇನ್, ಡಾಬರ್‌ಮನ್ ಸಾಕಿದವರು ಈ ಮದ್ದಿನ ಬಗ್ಗೆ ತಿಳಿದಿರಬೇಕು. ಇಂಥ ದೊಡ್ಡ ಜಾತಿಗಳಲ್ಲಿ ಹೃದಯ ಹಿಗ್ಗುವ ಕಾಯಿಲೆ ಹೆಚ್ಚು. ಹಿಗ್ಗಿದ ಹೃದಯದ ಮೇಲಿನ ಕೋಣೆಗಳು ಕ್ರಮ ಕಳೆದುಕೊಂಡು ಅದುರತೊಡಗುತ್ತವೆ. ನಿಮಿಷಕ್ಕೆ 60ರಿಂದ 140 ಇರಬೇಕಾದ ಬಡಿತ 200 ದಾಟುತ್ತದೆ. ನಾಯಿಗೆ ಸುಸ್ತು, ಕೆಮ್ಮು. ಹೊಟ್ಟೆ ಊದುತ್ತದೆ, ಕೆಲವೊಮ್ಮೆ ನಿಂತಲ್ಲೇ ಕುಸಿಯುತ್ತದೆ. ಎದೆಯ ಮೇಲೆ ಒಂದು ಕೈ, ಹಿಂಗಾಲಿನ ತೊಡೆಯ ಒಳಬದಿಯ ನಾಡಿಯ ಮೇಲೆ ಇನ್ನೊಂದು ಕೈ ಇಟ್ಟು ನೋಡಿ: ಎದೆ ಹೊಡೆದುಕೊಂಡಷ್ಟು ಸಲ ನಾಡಿ ಸಿಗುವುದಿಲ್ಲ.

ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಸಂಕೇತ ದಾಟುವ ಗಂಟಿನಲ್ಲಿ ಡಿಲ್ಟಿಯಾಜೆಮ್ ತಡೆ ಒಡ್ಡುತ್ತದೆ. ಮೇಲಿನ ಅದುರುವಿಕೆ ಹಾಗೇ ಉಳಿದರೂ ಕೆಳಗಿನ ಬಡಿತ ತಗ್ಗಿ, ಹೃದಯಕ್ಕೆ ರಕ್ತ ತುಂಬಿಕೊಳ್ಳಲು ಬಿಡುವು ಸಿಗುತ್ತದೆ. ಡಿಗಾಕ್ಸಿನ್ ಎಂಬ ಇನ್ನೊಂದು ಹೃದಯದ ಮದ್ದಿನ ಜೊತೆ ಕೊಟ್ಟರೆ, ಎರಡರಲ್ಲಿ ಒಂದನ್ನೇ ಕೊಡುವುದಕ್ಕಿಂತ ಹತೋಟಿ ಚೆನ್ನಾಗಿರುತ್ತದೆಂದು 2009ರ ಅಧ್ಯಯನವೊಂದು ತೋರಿಸಿತು. ಕಾಯಿಲೆ ವಾಸಿಯಾಗದು, ನಿಜ. ಆದರೂ ಉಸಿರಿಗೆ ಒದ್ದಾಡುತ್ತಿದ್ದ ಪ್ರಾಣಿಗೆ ಸಿಗುವ ನೆಮ್ಮದಿ ಸಣ್ಣದಲ್ಲ.

ನನ್ನನ್ನು ಹೆದರಿಸುವುದು, ನಾಯಿಗೆ ಮದ್ದು ಹುಡುಕಿ ಕೈ ಹಾಕುವ ಮನೆಯ ಮಾತ್ರೆ ಡಬ್ಬಿ. ಅಜ್ಜನ ಬಿ.ಪಿ. ಮಾತ್ರೆ ಅಮ್ಲೋಡಿಪಿನ್ ಕೂಡ ಇದೇ ಗುಂಪಿನದು, ಆದರೆ ಅದರ ಕೆಲಸ ಹೆಚ್ಚಾಗಿ ರಕ್ತನಾಳಗಳ ಮೇಲೆ. ಲಯ ತಪ್ಪಿದ ಹೃದಯವನ್ನು ಅದು ಹಿಡಿದು ನಿಲ್ಲಿಸದು. ಡಿಲ್ಟಿಯಾಜೆಮ್ ಮಾತ್ರೆಯೇ ಇದ್ದರೂ ಅಳತೆ ಮೀರಿದರೆ ರಕ್ತದೊತ್ತಡ ಕುಸಿದು ನಾಯಿ ಸತ್ತೇ ಹೋಗಬಹುದು.

ಕಳಸದಿಂದ ಹಾಸನ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳು ಹತ್ತಿರವೇನಲ್ಲ. ಆದರೂ ಲಯ ತಪ್ಪಿದ್ದು ಎಲ್ಲಿ ಎಂದು ಇಸಿಜಿ ನೋಡದೆ ಈ ಮದ್ದು ಶುರುಮಾಡಬಾರದು. ನಾಯಿ ಓಡಾಡುವಷ್ಟು ಗಟ್ಟಿಯಿರುವಾಗಲೇ ಕರೆದುಕೊಂಡು ಹೋಗಿ.